ಸೇತುಪ್ರಶಸ್ತಿಯ ಸ್ವಾರಸ್ಯ

ಲೋಕೋಪಕಾರವಾದ ಕೆಲಸವನ್ನು ಮಾಡಿದವನನ್ನು ಹೊಗಳುವುದು ಸುಲಭ. ಅವನು ಮಾಡಿದ ಕೆಲಸವನ್ನು ಹೊಗಳುವುದು ಕಷ್ಟ. ಮೊದಲನೆಯದಕ್ಕೆ ವಿಶೇಷಣಗಳಿದ್ದರೆ ಸಾಕು. ಎರಡನೆಯದಕ್ಕೆ ತಿಳಿವಳಿಕೆ ಬೇಕು. ಪ್ರತಿ ವರ್ಷ ಸೆಪ್ಟೆಂಬರ್ 15ರಂದು, ಸರ್ ಮೋಕ್ಷಗುಂಡಂ ವಿಶ್ವೇಶ್ವರಯ್ಯನವರ ಜನ್ಮದಿನವನ್ನು ಎಂಜಿನಿಯರುಗಳ ದಿನವೆಂದು ಆಚರಿಸುವ ಸಭೆಗಳಲ್ಲಿ ಈ ಭೇದವು ಸ್ಪಷ್ಟವಾಗಿ ಕಾಣುತ್ತದೆ. ಅವರ ಶಿಸ್ತು, ಸತ್ಯಸಂಧತೆ, 1955ರಲ್ಲಿ ಬಂದ ಭಾರತರತ್ನ, ಇವು ಎಲ್ಲರ ನಾಲಗೆಯ ಮೇಲಿವೆ. ಆದರೆ ಪುಣೆಯ ಬಳಿಯ ಖಡಕ್‌ವಾಸ್ಲಾದಲ್ಲಿ ಅವರು ಅಳವಡಿಸಿದ ಬಾಗಿಲುಗಳು ಕಟ್ಟೆಯನ್ನು ಎತ್ತರಿಸದೆಯೇ ಹೆಚ್ಚು ನೀರನ್ನು ತಡೆದು, ಪ್ರವಾಹವು ಮಿತಿಮೀರಿದಾಗ ತಾವಾಗಿಯೇ ತೆರೆದುಕೊಳ್ಳುತ್ತಿದ್ದುವೆಂಬುದನ್ನು ತಿಳಿದು ಮನೆಗೆ ಹಿಂದಿರುಗುವ ಶ್ರೋತೃಗಳು ಎಷ್ಟು ಮಂದಿ?

ಕರ್ಮವನ್ನು ಕುರಿತ ಪ್ರಶಂಸೆಯು ಹೇಗಿರಬೇಕೆಂಬುದಕ್ಕೆ ಮಾದರಿಯನ್ನು ಹುಡುಕಿಕೊಂಡು ಪರದೇಶಗಳಿಗೆ ಹೋಗಬೇಕಾಗಿಲ್ಲ. ಸೌರಾಷ್ಟ್ರದ ಗಿರಿನಗರದಲ್ಲಿ, ಈಗಿನ ಜುನಾಗಢದ ಬಳಿ, ಅಶೋಕನ ಧರ್ಮಲಿಪಿಗಳಿರುವ ಬಂಡೆಯ ಮೇಲೆಯೇ ಮಹಾಕ್ಷತ್ರಪ ರುದ್ರದಾಮನ ಶಾಸನವೊಂದಿದೆ. ಅದು ಹೇಳುವ ಶಕವರ್ಷ 72 ಎಂದರೆ ಕ್ರಿ. ಶ. 150. ಸಂಸ್ಕೃತ ಗದ್ಯಕಾವ್ಯದ ಚರಿತ್ರೆಯನ್ನು ಬರೆಯುವವರೆಲ್ಲರೂ ಈ ಶಾಸನದ ದೀರ್ಘಸಮಾಸಗಳನ್ನೂ ಅನುಪ್ರಾಸಗಳನ್ನೂ ಕೊಂಡಾಡಿದ್ದಾರೆ. ಆದರೆ ಅದರ ವಸ್ತುವು ಯುದ್ಧವಲ್ಲ, ವಿವಾಹವಲ್ಲ. ಒಡೆದುಹೋದ ಒಂದು ಕೆರೆಯ ಏರಿ.

ಕಥೆಯು ಚಿಕ್ಕದು. ಸುದರ್ಶನವೆಂಬ ಆ ತಟಾಕವನ್ನು ಚಂದ್ರಗುಪ್ತ ಮೌರ್ಯನ ರಾಷ್ಟ್ರಿಯನಾದ ವೈಶ್ಯ ಪುಷ್ಯಗುಪ್ತನು ಕಟ್ಟಿಸಿದನು. ಅಶೋಕನ ಕಾಲದಲ್ಲಿ ಯವನರಾಜ ತುಷಾಸ್ಫನು ಅದಕ್ಕೆ ಕಾಲುವೆಗಳನ್ನು ಮಾಡಿಸಿದನು. ರುದ್ರದಾಮನ ಆಳ್ವಿಕೆಯಲ್ಲಿ ಮಾರ್ಗಶಿರ ಬಹುಳ ಪಾಡ್ಯದಂದು ಮಹಾವೃಷ್ಟಿಯಾಗಿ, ಊರ್ಜಯತ್ ಪರ್ವತದಿಂದಿಳಿಯುವ ಸುವರ್ಣಸಿಕತಾ, ಪಲಾಶಿನೀ ಮೊದಲಾದ ನದಿಗಳು ಉಕ್ಕಿ ಏರಿಯನ್ನು ಭೇದಿಸಿದುವು. ಬಿರುಕಿನ ಉದ್ದ 420 ಮೊಳ, ಅಗಲವೂ ಅಷ್ಟೇ, ಆಳ 75 ಮೊಳ. ನೀರೆಲ್ಲ ಹರಿದುಹೋಗಿ ಕೆರೆಯು ಮರುಭೂಮಿಯಂತಾಯಿತು.

ಇಲ್ಲಿ ಪ್ರಶಸ್ತಿಕಾರನ ಮೊದಲನೆಯ ಗುಣವು ಗೋಚರವಾಗುತ್ತದೆ. ಅವನು ಸೋಲನ್ನು ಮುಚ್ಚಿಡುವುದಿಲ್ಲ. ಅಳತೆಯಿಲ್ಲದೆ 'ಮಹಾವಿಪತ್ತು' ಎಂದಿದ್ದರೆ ಅದು ಬರಿಯ ಮಾತಾಗುತ್ತಿತ್ತು; ಮೊಳಗಳ ಲೆಕ್ಕವನ್ನು ಕೊಟ್ಟುದರಿಂದ ಓದುವವನ ಎದೆ ನಡುಗುತ್ತದೆ. ಶ್ಲೇಷವನ್ನೂ ಅವನು ಹಿತವಾಗಿ ಬಳಸಿದ್ದಾನೆ. ಒಡೆದ ಸುದರ್ಶನವು ದುರ್ದರ್ಶನವಾಯಿತು; ಮತ್ತೆ ಕಟ್ಟಿದಾಗ ಸುದರ್ಶನತರವಾಯಿತು. ಒಂದೇ ಹೆಸರಿನ ಈ ಏರಿಳಿತದಲ್ಲಿ ಇಡೀ ಕಥೆಯು ಅಡಕವಾಗಿದೆ. ಅಲಂಕಾರವು ವಸ್ತುವಿನಿಂದಲೇ ಹುಟ್ಟಿದೆ.

ಎರಡನೆಯ ಗುಣವು ಇನ್ನೂ ದೊಡ್ಡದು. ಬಿರುಕಿನ ಗಾತ್ರವನ್ನು ನೋಡಿ ರಾಜನ ಮತಿಸಚಿವರೂ ಕರ್ಮಸಚಿವರೂ ಉತ್ಸಾಹಗುಂದಿ ಆ ಕೆಲಸವನ್ನು ವಿರೋಧಿಸಿದರೆಂದೂ, ಸೇತುವಿನ ಆಸೆಯನ್ನು ತೊರೆದ ಪ್ರಜೆಗಳು ಹಾಹಾಕಾರ ಮಾಡಿದರೆಂದೂ ಶಾಸನವು ಹೇಳುತ್ತದೆ. ಆಗ ಆನರ್ತ ಸುರಾಷ್ಟ್ರಗಳ ಪಾಲನೆಗೆ ನಿಯುಕ್ತನಾಗಿದ್ದ ಪಹ್ಲವ ಅಮಾತ್ಯ ಸುವಿಶಾಖನು ಕೆಲಸವನ್ನು ಕೈಗೊಂಡು, ಬಹುಕಾಲ ಕಳೆಯುವ ಮುನ್ನವೇ ಮೊದಲಿಗಿಂತ ಮೂರುಪಟ್ಟು ದೃಢವಾದ ಸೇತುವನ್ನು ನಿಲ್ಲಿಸಿದನು. ಪರದೇಶದ ಮೂಲದವನೊಬ್ಬನ ಹೆಸರನ್ನು ಅರಸನು ತನ್ನ ಪ್ರಶಸ್ತಿಯಲ್ಲಿಯೇ ಕೆತ್ತಿಸಿದನೆಂಬುದೂ, ಅವನಿಗೆ ಸಂದ ವಿಶೇಷಣಗಳಲ್ಲಿ ಲಂಚಕ್ಕೆ ವಶನಾಗದವನೆಂಬುದು ಒಂದೆಂಬುದೂ ಗಮನಾರ್ಹ. ಕರ, ವಿಷ್ಟಿ, ಪ್ರಣಯಗಳಿಂದ ಜನರನ್ನು ಪೀಡಿಸದೆ ಸ್ವಂತ ಬೊಕ್ಕಸದ ಧನವನ್ನೇ ವೆಚ್ಚಮಾಡಿದುದಾಗಿ ಅರಸನು ಹೇಳಿಕೊಂಡಿದ್ದಾನೆ. ವಿಷ್ಟಿಯೆಂದರೆ ನಮ್ಮ 'ಬಿಟ್ಟಿ'ಯೇ. ಇದು ಅರಸನ ಸ್ವಂತ ಮಾತಾದುದರಿಂದ ಪೂರ್ಣವಾಗಿ ನಂಬಬೇಕಾಗಿಲ್ಲ. ಆದರೂ ಲೋಕಹಿತದ ಕೆಲಸವು ಲೋಕಪೀಡೆಯಿಂದ ಆಗಕೂಡದೆಂಬ ಆದರ್ಶವು ಅಂದು ಮಾನ್ಯವಾಗಿತ್ತೆಂಬುದಕ್ಕೆ ಇದು ಸಾಕ್ಷಿ.

ಅದೇ ಬಂಡೆಯ ಮೇಲೆ, ಮುನ್ನೂರು ವರ್ಷಗಳ ತರುವಾಯ, ಸ್ಕಂದಗುಪ್ತನ ಕಾಲದ ಪದ್ಯಶಾಸನವಿದೆ. ಏರಿಯು ಮತ್ತೆ ಒಡೆದಿತ್ತು. ಪರ್ಣದತ್ತನ ಮಗ ಚಕ್ರಪಾಲಿತನು ಅದನ್ನು ಮತ್ತೆ ಕಟ್ಟಿಸಿದನು. ಇಲ್ಲಿ ನದಿಗಳು ಸೆರೆಯಿಂದ ಬಿಡುಗಡೆ ಹೊಂದಿ ಪತಿಯಾದ ಸಮುದ್ರನನ್ನು ಸೇರುವ ಸತಿಯರಾಗಿದ್ದಾರೆ. ಪರ್ವತವು ಹೂಗಳಿಂದ ಶೋಭಿಸುವ ತೋಳನ್ನು ಚಾಚುತ್ತದೆ. ಕಲ್ಪನೆಯೇನೋ ರಮ್ಯ. ಆದರೆ ಕೆರೆಯೊಡೆದು ಪ್ರಜೆಗಳು ಕಂಗೆಟ್ಟಿರುವಾಗ ನದಿಗೆ ಅಭಿಸಾರಿಕೆಯ ವೇಷವನ್ನು ತೊಡಿಸುವುದು ಔಚಿತ್ಯವೇ? ಸಹೃದಯನು ಇಲ್ಲಿ ತುಸು ಹಿಂಜರಿಯುತ್ತಾನೆ. ಹಳೆಯ ಗದ್ಯವು ಕೆಲಸದ ಕಡೆಗೆ ನೋಡುತ್ತದೆ. ಹೊಸ ಪದ್ಯವು ಕವಿಸಮಯದ ಕಡೆಗೆ.

ರುದ್ರದಾಮನ ಶಾಸನಕ್ಕೂ ಕೊರತೆಗಳಿಲ್ಲದಿಲ್ಲ. ಸುವಿಶಾಖನು ಏರಿಯನ್ನು ಹೇಗೆ ಕಟ್ಟಿದನು, ಎಷ್ಟು ಕೈಗಳು ಮಣ್ಣು ಹೊತ್ತುವು ಎಂಬುದು ಅಲ್ಲಿಲ್ಲ. ಈ ಕೊರತೆಯನ್ನು ತುಂಬಿದ ಶಾಸನವು ಕಡಪ ಜಿಲ್ಲೆಯ ಪೋರುಮಾಮಿಳ್ಳದಲ್ಲಿದೆ. ವಿಜಯನಗರದ ಬುಕ್ಕರಾಯನ ಮಗ ಭಾಸ್ಕರನು 1369ರಲ್ಲಿ ಕೆತ್ತಿಸಿದ ಆ ಸಂಸ್ಕೃತ ಲೇಖವು ಉತ್ತಮ ಕೆರೆಗೆ ಹನ್ನೆರಡು ಅಂಗಗಳನ್ನೂ ಆರು ದೋಷಗಳನ್ನೂ ಎಣಿಸುತ್ತದೆ. ಜಲಶಾಸ್ತ್ರವನ್ನು ಬಲ್ಲವನು ಅಂಗಗಳಲ್ಲೊಂದು. ಏರಿಯಲ್ಲಿ ನೀರು ಒಸರುವುದು, ಚವುಳು ನೆಲ, ಎರಡು ರಾಜ್ಯಗಳ ಗಡಿಯಲ್ಲಿರುವುದು ದೋಷಗಳಲ್ಲಿ ಸೇರಿವೆ. ಎರಡು ವರ್ಷಗಳ ಕಾಲ ಪ್ರತಿದಿನ ಸಾವಿರ ಕೂಲಿಗಳು ದುಡಿದರೆಂದೂ, ಕಲ್ಲು ಸಾಗಿಸಲು ನೂರು ಬಂಡಿಗಳಿದ್ದುವೆಂದೂ ಅದು ತಿಳಿಸುತ್ತದೆ. ಕಾವ್ಯಗುಣದಲ್ಲಿ ಇದು ಗಿರಿನಗರದ ಗದ್ಯಕ್ಕೆ ಸಮವಲ್ಲ. ನ್ಯಾಯಬುದ್ಧಿಯಲ್ಲಿ ಅದಕ್ಕಿಂತ ಮೇಲು.

ಈ ಮೂರನ್ನೂ ಜೊತೆಯಲ್ಲಿಟ್ಟು ಓದಿದಾಗ ಒಂದು ತತ್ತ್ವವು ಸ್ಫುರಿಸುತ್ತದೆ. ಕರ್ಮಪ್ರಶಂಸೆಯು ಯಾವ ಕಷ್ಟ ಒದಗಿತ್ತು, ಯಾರು ಬೇಡವೆಂದರು, ಯಾರು ಮಾಡಿದರು, ಹೇಗೆ ಮಾಡಿದರು, ಯಾರ ಬೆವರಿನಿಂದ ಆಯಿತು ಎಂಬುದನ್ನು ಹೇಳಬೇಕು. ಇನ್ನೊಂದು ಮಾತೂ ಉಂಟು. ಗಿರಿನಗರದ ಎರಡು ಶಾಸನಗಳೂ ಹೊಗಳುವುದು ಹೊಸದನ್ನು ಕಟ್ಟಿದವನನ್ನಲ್ಲ, ಕೆಟ್ಟುದನ್ನು ಸರಿಪಡಿಸಿದವನನ್ನು. ಇಂದು ಶಂಕುಸ್ಥಾಪನೆಗೂ ಉದ್ಘಾಟನೆಗೂ ಅಮೃತಶಿಲೆಯುಂಟು. ತೂಬಿನ ಹೂಳನ್ನು ತೆಗೆಸಿದವನಿಗೆ, ಕೋಡಿಯನ್ನು ಭದ್ರಪಡಿಸಿದವನಿಗೆ ಒಂದು ಸಾಲೂ ಇಲ್ಲ. ಊರು ಬದುಕುವುದಾದರೋ ಅವನಿಂದ.

ಸುದರ್ಶನ ತಟಾಕವು ಇಂದಿಲ್ಲ. ಸರಿಪಡಿಸುವವರು ಬಾರದೆ ಹೋದ ಒಂದು ಕಾಲದಲ್ಲಿ ಅದು ಅಳಿಯಿತು. ಉಳಿದುದು ಬಂಡೆಯ ಮೇಲಿನ ಮಾತು ಮಾತ್ರ. ಆ ಮಾತು ನಿಜವಾದುದರಿಂದಲೇ ಹದಿನೆಂಟು ಶತಮಾನಗಳು ಕಳೆದರೂ ಸುವಿಶಾಖನು ಜೀವಿಸಿದ್ದಾನೆ. ಮುಂದಿನ ಸೆಪ್ಟೆಂಬರಿನ ಸಭೆಯಲ್ಲಿ ಮಾತನಾಡುವವರು ಒಂದೆರಡು ವಿಶೇಷಣಗಳನ್ನು ಬಿಟ್ಟು, ತಮ್ಮ ಊರಿನ ಕೆರೆಯ ತೂಬು ಹೇಗೆ ಕೆಲಸ ಮಾಡುತ್ತದೆಂಬುದನ್ನು ಮಕ್ಕಳಿಗೆ ತಿಳಿಯಹೇಳಿದರೆ, ವಿಶ್ವೇಶ್ವರಯ್ಯನವರಿಗೆ ಅದಕ್ಕಿಂತ ಒಪ್ಪುವ ಪ್ರಶಸ್ತಿಯಿಲ್ಲ.