ಶಾಲೆಯ ಗೋಡೆಯಾಚೆಯ ಮಾತು: ಮಹನಾಯ್ ತೀರ್ಪಿನ ವಿಮರ್ಶೆ

ವಿದ್ಯಾರ್ಥಿಯು ಶಾಲೆಯ ಹೊರಗೆ ಆಡಿದ ಮಾತಿಗೆ ಶಾಲೆಯು ದಂಡನೆ ವಿಧಿಸಬಹುದೇ ಎಂಬ ಪ್ರಶ್ನೆಯನ್ನು ಅಮೆರಿಕ ಸಂಯುಕ್ತ ಸಂಸ್ಥಾನಗಳ ಸರ್ವೋಚ್ಚ ನ್ಯಾಯಾಲಯವು 2021ನೆಯ ಇಸವಿ ಜೂನ್ 23ರಂದು ಮಹನಾಯ್ ಶಾಲಾ ಜಿಲ್ಲೆಯ ಮೊಕದ್ದಮೆಯಲ್ಲಿ ವಿಚಾರಿಸಿ ತೀರ್ಪಿತ್ತಿತು. ಎಂಟು ಮಂದಿ ನ್ಯಾಯಮೂರ್ತಿಗಳು ವಿದ್ಯಾರ್ಥಿನಿಯ ಪರವಾಗಿಯೂ ಒಬ್ಬರು ಶಾಲೆಯ ಪರವಾಗಿಯೂ ನಿಂತರು. ತೀರ್ಪಿನ ಫಲವು ನ್ಯಾಯವಾದುದೇ. ಆದರೆ ಅದಕ್ಕೆ ಆಧಾರವಾದ ತರ್ಕವು ಅಷ್ಟು ದೃಢವಾದುದಲ್ಲವೆಂಬುದೂ, ಭಿನ್ನಮತವು ಆಶ್ರಯಿಸಿದ ಇತಿಹಾಸವು ಅಪೂರ್ಣವೆಂಬುದೂ ಈ ಲೇಖನದ ಅಭಿಪ್ರಾಯ.

ಸಂಗತಿ ಸರಳವಾದುದು. 2017ರಲ್ಲಿ ಪೆನ್ಸಿಲ್ವೇನಿಯದ ಪ್ರೌಢಶಾಲೆಯ ವಿದ್ಯಾರ್ಥಿನಿಯೊಬ್ಬಳಿಗೆ ಚಿಯರ್‌ಲೀಡಿಂಗ್ ತಂಡದ ಹಿರಿಯರ ವಿಭಾಗದಲ್ಲಿ ಸ್ಥಾನ ದೊರೆಯಲಿಲ್ಲ. ಶನಿವಾರದಂದು ಅಂಗಡಿಯೊಂದರಲ್ಲಿದ್ದಾಗ ಅವಳು ಶಾಲೆಯನ್ನೂ ತಂಡವನ್ನೂ ಅಶ್ಲೀಲ ಪದದಿಂದ ಹಳಿದು, ಸ್ನ್ಯಾಪ್‌ಚಾಟಿನಲ್ಲಿ ಸುಮಾರು 250 ಮಂದಿ ಸ್ನೇಹಿತರಿಗೆ ಕಾಣುವಂತೆ ಚಿತ್ರವನ್ನು ಹಾಕಿದಳು. 24 ಗಂಟೆಗಳಲ್ಲಿ ಅಳಿಯಬೇಕಾಗಿದ್ದ ಆ ಚಿತ್ರದ ಪ್ರತಿಯು ತರಬೇತುದಾರರ ಕೈಸೇರಿತು. ಕಿರಿಯರ ತಂಡದಿಂದಲೂ ಅವಳನ್ನು ಒಂದು ವರ್ಷ ಹೊರಗಿರಿಸಲಾಯಿತು.

ಪಾಠಪ್ರವಚನಕ್ಕೆ ಗಣನೀಯವಾದ ಭಂಗ ತರುವ ಮಾತನ್ನು ಶಾಲೆಯು ತಡೆಯಬಹುದೆಂಬುದು 1969ರ ಟಿಂಕರ್ ತೀರ್ಪಿನಿಂದ ಬಂದ ನಿಯಮ. ಈ ನಿಯಮವು ಶಾಲೆಯ ಹೊರಗೆ ಅನ್ವಯಿಸದೆಂದು ಕೆಳಗಿನ ಮೇಲ್ಮನವಿ ನ್ಯಾಯಾಲಯವು ಹೇಳಿದ್ದಿತು. ನ್ಯಾಯಮೂರ್ತಿ ಬ್ರೇಯರ್ ಅವರು ಅಷ್ಟು ದೂರ ಹೋಗದೆ, ಹೊರಗಿನ ಮಾತಿನ ಮೇಲೆ ಶಾಲೆಯ ಅಧಿಕಾರವು ಕ್ಷೀಣಿಸುವುದಕ್ಕೆ ಮೂರು ಕಾರಣಗಳನ್ನು ಕೊಟ್ಟರು. ಒಂದು, ಅಲ್ಲಿ ಮಕ್ಕಳ ಹೊಣೆ ತಂದೆತಾಯಿಗಳದು. ಎರಡು, ಒಳಗೂ ಹೊರಗೂ ಶಾಲೆಯೇ ಆಳಿದರೆ ವಿದ್ಯಾರ್ಥಿಗೆ ಹಗಲಿರುಳಿನಲ್ಲಿ ಸ್ವತಂತ್ರವಾದ ಗಳಿಗೆಯೇ ಉಳಿಯದು. ಮೂರು, ಜನಪ್ರಿಯವಲ್ಲದ ಅಭಿಪ್ರಾಯವನ್ನು ಕಾಪಾಡುವುದು ಶಾಲೆಗೂ ಹಿತಕರ. ಆದರೂ ಪೀಡನೆ, ಬೆದರಿಕೆ ಮೊದಲಾದವು ಹೊರಗೆ ನಡೆದರೂ ಶಾಲೆಯು ಕೈಹಾಕಬಹುದು ಎಂದರು.

ತರ್ಕದ ದೌರ್ಬಲ್ಯವು ಇಲ್ಲಿಯೇ ಇದೆ. ಕಾರಣಗಳೆಲ್ಲ ಮಾತು ಹುಟ್ಟಿದ ಸ್ಥಳವನ್ನು ನೋಡುತ್ತವೆ. ಪೀಡನೆ, ಬೆದರಿಕೆಗಳ ಅಪವಾದವಾದರೋ ಮಾತಿನಿಂದ ನೊಂದ ವ್ಯಕ್ತಿಯನ್ನು ನೋಡುತ್ತದೆ. ಸ್ಥಳವೇ ನಿರ್ಣಾಯಕವಾದರೆ ‘ಹೊರಗು’ ಯಾವುದೆಂದು ಹೇಳಬೇಕಾಗಿತ್ತು. ಅದನ್ನು ಮುಂದಿನ ಮೊಕದ್ದಮೆಗಳಿಗೆ ಬಿಡಲಾಯಿತು. ಕೈಯಲ್ಲಿ ಫೋನು ಹಿಡಿದ ವಿದ್ಯಾರ್ಥಿಗೆ ಒಳಗು ಹೊರಗುಗಳ ಗಡಿಯೇ ಮಸುಕಾಗಿರುವಾಗ ಇದು ಸಣ್ಣ ಲೋಪವಲ್ಲ. ಮಾತಿನಿಂದ ನಿರ್ದಿಷ್ಟ ವ್ಯಕ್ತಿಗೋ ಬೋಧನೆಗೋ ನಿಜವಾದ ಹಾನಿಯಾಯಿತೇ ಎಂಬುದೇ ಹೆಚ್ಚು ಭದ್ರವಾದ ಒರೆಗಲ್ಲು. ಇಲ್ಲಿ ಅವಳು ಯಾರ ಹೆಸರನ್ನೂ ಎತ್ತಿರಲಿಲ್ಲ. ಬೀಜಗಣಿತದ ತರಗತಿಯಲ್ಲಿ ಒಂದೆರಡು ದಿನ, ಹೆಚ್ಚೆಂದರೆ ಐದು ಹತ್ತು ನಿಮಿಷ ಚರ್ಚೆ ನಡೆದುದಷ್ಟೇ ‘ಭಂಗ’. ಸಂಸ್ಥೆಯ ಅಭಿಮಾನಕ್ಕಾದ ನೋವು ಹಾನಿಯೆನಿಸದು.

ಭಿನ್ನಮತವಿತ್ತ ನ್ಯಾಯಮೂರ್ತಿ ಥಾಮಸ್ ಅವರು 1859ರ ವರ್ಮಾಂಟ್ ತೀರ್ಪೊಂದನ್ನು ಮುಂದಿಟ್ಟರು. ಶಾಲೆ ಬಿಟ್ಟ ಮೇಲೆ ಹಸು ಹೊಡೆದುಕೊಂಡು ಹೋಗುತ್ತಿದ್ದ ಹುಡುಗನೊಬ್ಬ, ಸಹಪಾಠಿಗಳ ಎದುರಿನಲ್ಲಿ, ಉಪಾಧ್ಯಾಯರಿಗೆ ಕೇಳುವಂತೆ ಅವರನ್ನು ಮುದುಕನೆಂದು ಹೆಸರು ಹಿಡಿದು ಕರೆದನು. ಮರುದಿನ ಚಾವಟಿಯೇಟು ತಿಂದನು. ಅಂತಹ ದಂಡನೆಯ ಅಧಿಕಾರವನ್ನು ಆ ನ್ಯಾಯಾಲಯವು ಒಪ್ಪಿತೆಂಬುದು ನಿಜ. ಆದರೆ ಶಾಲೆಯ ಶಿಸ್ತಿಗೆ ನೇರವಾಗಿ, ತಕ್ಷಣವಾಗಿ ಧಕ್ಕೆ ತರುವ ನಡತೆಗೆ ಮಾತ್ರ ಎಂಬ ಮಿತಿಯನ್ನೂ ಅದು ಹಾಕಿತ್ತು. ಇದಕ್ಕಿಂತ ಮುಖ್ಯವಾದುದು ಕಾಲಭೇದ. ಕಡ್ಡಾಯ ಶಿಕ್ಷಣದ ಶಾಸನವನ್ನು 1852ರಲ್ಲಿ ಮೊದಲು ಮಾಡಿದುದು ಮಸಾಚುಸೆಟ್ಸ್. ಕೊನೆಯ ಸಂಸ್ಥಾನವು ಮಾಡಿದುದು 1918ರಲ್ಲಿ. 1859ರ ತಂದೆಯು ಬಹುಮಟ್ಟಿಗೆ ಸ್ವಇಚ್ಛೆಯಿಂದ ತನ್ನ ಅಧಿಕಾರವನ್ನು ಗುರುವಿಗೊಪ್ಪಿಸುತ್ತಿದ್ದನು. ಇಂದಿನ ತಂದೆಗೆ ಶಾಸನದ ಕಟ್ಟಿದೆ. ನ್ಯಾಯಮೂರ್ತಿ ಅಲಿಟೊ ಅವರ ಪ್ರತ್ಯೇಕ ಅಭಿಪ್ರಾಯವು ಈ ವ್ಯತ್ಯಾಸವನ್ನು ಗುರುತಿಸಿರುವುದು ಗಮನಾರ್ಹ.

ಈ ಪ್ರಶ್ನೆ ನಮಗೆ ಅಪರಿಚಿತವೇನೂ ಅಲ್ಲ. 1905ರಲ್ಲಿ ಬಂಗಾಳದ ಸರ್ಕಾರವು ಕಾರ್ಲೈಲ್ ಸುತ್ತೋಲೆಯ ಮೂಲಕ, ಸ್ವದೇಶಿ ಚಳವಳಿಗೆ ಇಳಿದ ವಿದ್ಯಾರ್ಥಿಗಳನ್ನು ಹತೋಟಿಯಲ್ಲಿಡದ ಶಾಲಾಕಾಲೇಜುಗಳ ಧನಸಹಾಯವನ್ನು ನಿಲ್ಲಿಸುವುದಾಗಿ ಬೆದರಿಸಿತು. ಬೀದಿಯಲ್ಲಿ ಆಡಿದ ಮಾತನ್ನು ಶಾಲೆಯ ಕೈಯಿಂದ ಅಡಗಿಸುವ ಉಪಾಯವದು. ಹೊರಗಿನ ಮಾತಿನ ಮೇಲಿನ ಅಧಿಕಾರವನ್ನು ಶಿಸ್ತಿನ ಹೆಸರಿನಲ್ಲಿ ಕೇಳುವವರು ಯಾವಾಗಲೂ ಉಪಾಧ್ಯಾಯರೇ ಆಗಿರುವುದಿಲ್ಲ. ಅದನ್ನು ಒಮ್ಮೆ ಕೈಗೆತ್ತಿಕೊಂಡ ಸಂಸ್ಥೆಯು ಇನ್ನೊಬ್ಬರ ಆಯುಧವಾಗಬಹುದು. ಆದುದರಿಂದ ದಂಡನೆಯ ಕಾಗದಕ್ಕೆ ಸಹಿ ಹಾಕುವ ಮುನ್ನ ಮಾತು ಎಲ್ಲಿ ಹುಟ್ಟಿತೆಂಬುದಕ್ಕಿಂತ, ಅದರಿಂದ ನೊಂದವರು ಯಾರೆಂಬುದನ್ನು ಅಧ್ಯಾಪಕವರ್ಗವು ಕೇಳಿಕೊಳ್ಳುವುದು ಉಚಿತ.