ಸಾಹಿತ್ಯ ಚರಿತ್ರೆಯೂ ಪಾಠಪಟ್ಟಿಯೂ

ಕನ್ನಡ ಸಾಹಿತ್ಯ ಚರಿತ್ರೆಗಳಲ್ಲಿ ಕ್ರೈಸ್ತ ಬರಹಕ್ಕೆ ದೊರೆಯುವ ಸ್ಥಳವೆಲ್ಲ ನಿಘಂಟಿಗೂ ಅಚ್ಚುಕೂಟಕ್ಕೂ ಸಂದುಹೋಗುತ್ತದೆ ಎಂಬ ದೂರು ನಮ್ಮ ಗುರುಮಠಗಳಲ್ಲಿ ಹಳೆಯದು. ದೂರಿನಲ್ಲಿ ಹುರುಳಿದೆ. ಆದರೆ ಇದನ್ನು ಚರಿತ್ರಕಾರರ ಪೂರ್ವಗ್ರಹವೆಂದು ಕೈಬಿಡುವ ಮುನ್ನ, ಅವರು ಯಾವ ಮೇಜಿನ ಮುಂದೆ ಕುಳಿತು ಬರೆದರೆಂಬುದನ್ನು ನೋಡಬೇಕು.

ಆರ್. ನರಸಿಂಹಾಚಾರ್ಯರು ಮೈಸೂರು ಸಂಸ್ಥಾನದ ಪುರಾತತ್ವ ಇಲಾಖೆಯನ್ನು ನಡೆಸಿದವರು. ‘ಕರ್ಣಾಟಕ ಕವಿಚರಿತೆ’ಯ ಮೂರು ಸಂಪುಟಗಳಲ್ಲಿ (1907, 1919, 1929) ಶಾಸನ ಓದಿದ ಕಣ್ಣು ಎದ್ದು ಕಾಣುತ್ತದೆ: ಮೊದಲು ಕವಿಯ ಕಾಲ ನಿಲ್ಲಬೇಕು, ರಸವಿಚಾರ ಆಮೇಲೆ. ಇ.ಪಿ. ರೈಸ್ ಲಂಡನ್ ಮಿಷನ್ನಿನ ಪಾದ್ರಿ. ಬಿಷಪ್ ಅಜರಯ್ಯ ಮತ್ತು ಫಾರ್ಕ್ವಾರ್ ಸಂಪಾದಿಸಿದ ‘ಹೆರಿಟೇಜ್ ಆಫ್ ಇಂಡಿಯಾ’ ಮಾಲೆಯಲ್ಲಿ 1921ರಲ್ಲಿ ಬಂದ ಅವರ ಪುಸ್ತಕ ಚಿಕ್ಕದು, ಇಂಗ್ಲಿಷ್ ಓದುಗರಿಗಾಗಿ ಬರೆದದ್ದು. ಜೈನ, ಲಿಂಗಾಯತ, ವೈಷ್ಣವ ಎಂದು ಕಾಲವನ್ನು ಮತದ ಹೆಸರಿನಲ್ಲಿ ಹಂಚುವುದು ಅಲ್ಲಿ ಅನುಕೂಲವಾಗಿತ್ತು. ಈ ಅಳತೆಗೋಲನ್ನು ರೂಢಿಗೆ ತಂದವರಲ್ಲಿ ಪಾದ್ರಿಗಳೇ ಇದ್ದರು; ಅದೇ ಕೋಲಿನಿಂದ ಅಳೆದಾಗ ಕ್ರೈಸ್ತ ಬರಹ ಒಂದು ಕಾಲಘಟ್ಟವೆನಿಸಿಕೊಳ್ಳಲಿಲ್ಲ. ನಮ್ಮ ದೂರುದಾರರು ಇದನ್ನು ಮರೆಯುತ್ತಾರೆ.

1927ರಲ್ಲಿ ಮೈಸೂರು ವಿಶ್ವವಿದ್ಯಾನಿಲಯದಲ್ಲಿ ಕನ್ನಡ ಎಂ.ಎ. ತರಗತಿ ಆರಂಭವಾದ ಮೇಲೆ ಚರಿತ್ರೆ ಪರೀಕ್ಷೆಯ ವಿಷಯವೂ ಆಯಿತು. ಸಾಂಗ್ಲಿಯ ವಿಲಿಂಗ್ಡನ್ ಕಾಲೇಜಿನಲ್ಲಿ ಕನ್ನಡ ಕಲಿಸಿದ ರಂ.ಶ್ರೀ. ಮುಗಳಿಯವರು 1953ರ ತಮ್ಮ ಗ್ರಂಥದಲ್ಲಿ ಮತದ ಹೆಸರುಗಳನ್ನು ಬಿಟ್ಟು ಪಂಪಯುಗ, ಬಸವಯುಗ, ಕುಮಾರವ್ಯಾಸಯುಗ ಎಂದರು. ಅದು ದೊಡ್ಡ ಹೆಜ್ಜೆ. ತರಗತಿಗೂ ಒಪ್ಪುವ ವಿಂಗಡಣೆ. ಆದರೆ ಯುಗಕ್ಕೊಬ್ಬ ಮಹಾಪುರುಷ ಬೇಕೆಂದಾದಾಗ, ಅಂಥವರಿಲ್ಲದ ಬರಹಗಳು ‘ಕೊಡುಗೆ’ ಎಂಬ ಉಪಶೀರ್ಷಿಕೆಗೆ ಸರಿಯುತ್ತವೆ. ಕೊಡುಗೆ ಎಂದಮೇಲೆ ಕೊಟ್ಟವರು ಹೊರಗಿನವರೆಂದೇ ಅರ್ಥ.

ಇಲ್ಲಿ ಕೆಂಪಾಪುರದಲ್ಲಿ ಕುಳಿತು ಬರೆಯುವ ನಮ್ಮ ಮೇಜೂ ಇದಕ್ಕೆ ಹೊರತಲ್ಲ. ಕಿಟೆಲರ 1894ರ ನಿಘಂಟನ್ನು ಕೊಂಡಾಡುವ ಗುರುಮಠದ ಉಪನ್ಯಾಸಗಳಲ್ಲಿ, ಯೇಸುವಿನ ಚರಿತೆಯನ್ನು ದೇಶೀಯ ಛಂದಸ್ಸಿನಲ್ಲಿ ಹೇಳಿದ ಅವರ ‘ಕಥಾಮಾಲೆ’ (1862) ಹೆಸರಾಗಿ ಮಾತ್ರ ಉಳಿದಿದೆ. ಅದರ ಪದ್ಯ ಎಲ್ಲಿ ಓಡುತ್ತದೆ, ಎಲ್ಲಿ ಕುಂಟುತ್ತದೆ, ಪುರಾಣಕಾವ್ಯದ ನುಡಿಯಲ್ಲಿ ಸುವಾರ್ತೆ ಏನಾಗುತ್ತದೆ ಎಂದು ಕೇಳುವುದಕ್ಕೆ ದೈವಶಾಸ್ತ್ರದ ಪಾಠಪಟ್ಟಿಯಲ್ಲಿ ಗಂಟೆಯಿಲ್ಲ. ಧರ್ಮಸಭೆಯ ಇತಿಹಾಸದ ಅಧ್ಯಾಪಕರು ಅದನ್ನು ಸಾಹಿತ್ಯವೆನ್ನುತ್ತಾರೆ; ವಿಶ್ವವಿದ್ಯಾಲಯದ ಕನ್ನಡ ಅಧ್ಯಾಪಕರು ಧರ್ಮಪ್ರಚಾರವೆನ್ನುತ್ತಾರೆ.