ತೆರೆಗೆ ಬಾರದ ಸೋಲುಗಳು

ಕ್ಯಾಪ್ಟನ್ ಜಿ.ಆರ್. ಗೋಪಿನಾಥ್ ಅವರ ಆತ್ಮಕತೆ ‘ಸಿಂಪ್ಲಿ ಫ್ಲೈ’ಯನ್ನು ಆಧರಿಸಿದ ತಮಿಳು ಚಿತ್ರ ‘ಸೂರರೈ ಪೋಟ್ರು’ 2020ರಲ್ಲಿ ಬಂತು. ಕನ್ನಡಕ್ಕೂ ಡಬ್ ಆಯಿತು. ನೇರವಾಗಿ ಅಂತರ್ಜಾಲದಲ್ಲೇ ಬಿಡುಗಡೆಯಾದುದರಿಂದ ಸಾಸ್ವೆಹಳ್ಳಿಯಂತಹ ಹೋಬಳಿ ಊರಿನವರೂ ಬೆಂಗಳೂರಿನವರ ಜೊತೆಗೇ ಅದನ್ನು ನೋಡುವಂತಾಯಿತು. ರಾಷ್ಟ್ರಪ್ರಶಸ್ತಿಯೂ ಬಂತು. ಸೂರ್ಯ ಅವರ ನಟನೆಯ ಬಗ್ಗೆ ನಮಗೆ ತಕರಾರಿಲ್ಲ.

ಚಿತ್ರದ ನಾಯಕ ವಾಯುಪಡೆಯವನು. ಗೋಪಿನಾಥ್ ಭೂಸೇನೆಯಲ್ಲಿದ್ದವರು, 1971ರ ಬಾಂಗ್ಲಾ ಯುದ್ಧ ಕಂಡವರು. ಗೊರೂರಿನ ಬ್ರಾಹ್ಮಣ ಶಿಕ್ಷಕರ ಮಗನನ್ನು ಚಿತ್ರವು ಕಪ್ಪಂಗಿಯ ಪೆರಿಯಾರ್‌ವಾದಿಯಾಗಿ ಬದಲಿಸಿದ್ದಕ್ಕೆ ಕೆಲವರು ಸಿಟ್ಟಾದರು. ನಮಗೆ ಆ ಸಿಟ್ಟಿಲ್ಲ. ವಿಮಾನದಲ್ಲಿ ಯಾರು ಕೂರಬಹುದು ಎಂಬ ಪ್ರಶ್ನೆಗೆ ಆ ಬದಲಾವಣೆ ಬಲವನ್ನೇ ಕೊಟ್ಟಿದೆ. ಆದರೆ ಸೇನೆ ಬಿಟ್ಟು ಬಂದ ಯುವಕ, ಹೇಮಾವತಿ ಅಣೆಕಟ್ಟಿನಲ್ಲಿ ಮುಳುಗಿದ ಜಮೀನಿಗೆ ಬದಲಾಗಿ ಸಿಕ್ಕ ಜಾವಗಲ್ ಬಳಿಯ ಬರಡು ನೆಲದಲ್ಲಿ ಡೇರೆ ಹಾಕಿ ತೆಂಗು, ರೇಷ್ಮೆ ಬೆಳೆದ ವರ್ಷಗಳು ಎಲ್ಲಿ ಹೋದವು? ಆ ರೇಷ್ಮೆ ಕೃಷಿಗೆ 1996ರಲ್ಲಿ ರೋಲೆಕ್ಸ್ ಪ್ರಶಸ್ತಿ ಬಂದಿತ್ತು. ಮುಳುಗಡೆಯ ನೋವು ಬಲ್ಲ ಈ ನಾಡಿನವರಿಗೆ ವಿಮಾನಕ್ಕಿಂತ ಈ ಭಾಗವೇ ಹತ್ತಿರದ್ದು.

ನಮ್ಮ ಮುಖ್ಯ ಆಕ್ಷೇಪ ಬೇರೆ. ಈ ಯೋಧ ಮತ ಕೇಳಲೂ ಹೊರಟಿದ್ದರು. 1994ರಲ್ಲಿ ಗಂಡಸಿ ಕ್ಷೇತ್ರದಿಂದ ಬಿಜೆಪಿ ಅಭ್ಯರ್ಥಿಯಾಗಿ ಸೋತರು. 2009ರಲ್ಲಿ ಬೆಂಗಳೂರು ದಕ್ಷಿಣದಿಂದ ಪಕ್ಷೇತರರಾಗಿ ಮತ್ತೆ ಸೋತರು. 2014ರಲ್ಲಿ ಆಮ್ ಆದ್ಮಿ ಪಕ್ಷ ಸೇರಿದರು. ಒಂದು ರೂಪಾಯಿಗೆ ವಿಮಾನದ ಟಿಕೆಟ್ ಮಾರಿದವರನ್ನು ಅದೇ ಜನ ಸಂಸತ್ತಿಗೆ ಕಳಿಸಲಿಲ್ಲ! ಚಿತ್ರಕ್ಕೆ ಇದಕ್ಕಿಂತ ಒಳ್ಳೆಯ ಕತೆ ಬೇಕಿತ್ತೇ?

ಬೇಡವಾಗಿದ್ದಕ್ಕೆ ಕಾರಣವಿದೆ. ಚಿತ್ರದಲ್ಲಿ ಎಲ್ಲ ಅಡ್ಡಿಗೂ ಒಬ್ಬ ಶ್ರೀಮಂತ ಖಳನಾಯಕನಿದ್ದಾನೆ. ಅವನನ್ನು ಸೋಲಿಸಿದರೆ ಮುಗಿಯಿತು. ಚುನಾವಣೆಯಲ್ಲಿ ಅಂಥವನು ಸಿಗುವುದಿಲ್ಲ. ಅಲ್ಲಿ ಜಾತಿಯ ಲೆಕ್ಕವಿದೆ, ಬೂತಿನಲ್ಲಿ ಕೂರುವ ಕಾರ್ಯಕರ್ತನಿದ್ದಾನೆ, ಪಕ್ಷದ ಚಿಹ್ನೆಯಿದೆ. ‘ನೀವು ದೊಡ್ಡವರು ಸ್ವಾಮಿ’ ಎಂದು ಕೈಮುಗಿದು ಇನ್ನೊಬ್ಬರಿಗೆ ಮತ ಹಾಕುವ ಮತದಾರನೂ ಇದ್ದಾನೆ. ಅವನನ್ನು ಖಳನೆನ್ನಲಾದೀತೇ? ಅವನಿಗೂ ತನ್ನದೇ ಕಾರಣಗಳಿರುತ್ತವೆ. ಆದೇಶ ಕೊಟ್ಟು ಅಭ್ಯಾಸವಾದ ಸೇನಾಧಿಕಾರಿ ಈ ಮತದಾರನ ಮನೆ ಬಾಗಿಲಲ್ಲಿ ನಿಂತ ದೃಶ್ಯ ನಮಗೆ ನೋಡಬೇಕಿತ್ತು.

ಚಿತ್ರ ಅತಿಯಾಗಿ ಕಾಲ್ಪನಿಕವಾದರೂ ತಮ್ಮ ಪುಸ್ತಕದ ಸಾರ ಹಿಡಿದಿದೆ ಎಂದು ಗೋಪಿನಾಥ್ ಮೆಚ್ಚಿಕೊಂಡಿದ್ದರು. ಅದು ಅವರ ದೊಡ್ಡತನ. ನಿರ್ದೇಶಕಿ ಸುಧಾ ಕೊಂಗರ 2024ರಲ್ಲಿ ಇದೇ ಕತೆಯನ್ನು ಹಿಂದಿಯಲ್ಲಿ ‘ಸರ್ಫಿರಾ’ ಎಂದು ಮತ್ತೆ ತೆಗೆದರು. ಅಲ್ಲೂ ಗಂಡಸಿ ಬರಲಿಲ್ಲ.